ಸಾಲ್ಸಾ: ಮೊದಲ ಸಲವೇ ಗೆಲ್ಲುವ ಸೂತ್ರಗಳು

ಬಾಟಲಿ ಸಾಲ್ಸಾ ತಿಂದು ‘ಇಷ್ಟೇನಾ?’ ಅಂದುಕೊಂಡಿದ್ದೀರಾ? ಹಾಗಾದರೆ ನೀವಿನ್ನೂ ಸಾಲ್ಸಾ ತಿಂದಿಲ್ಲ. ಮೆಕ್ಸಿಕೋದ ಅಡುಗೆಮನೆಯಲ್ಲಿ ಅದನ್ನು ಆಗಷ್ಟೇ ಸುಟ್ಟು, ಆಗಷ್ಟೇ ಅರೆದು ಬಡಿಸುತ್ತಾರೆ. ಟೊಮೆಟೊ, ಮೆಣಸಿನಕಾಯಿ, ಈರುಳ್ಳಿ, ಬೆಳ್ಳುಳ್ಳಿ, ಉಪ್ಪು, ಜೊತೆಗೆ ಒಂದು ಹಿಡಿ ಕೊತ್ತಂಬರಿ ಸಾಕು. ‘ನನ್ನ ಕೈಲಾಗುತ್ತಾ?’ ಅನ್ನುವ ಅಭ್ಯಾಸ ಬಿಡಿ. ಒಲೆ ಹಚ್ಚಿ.

1. ಒಂದೇ ಟಾರ್ಗೆಟ್ ಇಟ್ಟುಕೊಳ್ಳಿ.
ಹಸಿಯಾಗಿ ಹೆಚ್ಚಿದ ಪಿಕೊ ದೆ ಗಾಯೊ, ಕೆಂಪು ಸಾಲ್ಸಾ ರೋಹಾ, ಹಸಿರು ಸಾಲ್ಸಾ ವೆರ್ದೆ ಎಲ್ಲವನ್ನೂ ಒಂದೇ ಸಂಜೆ ಮಾಡಲು ಹೋಗಬೇಡಿ. ಸುಟ್ಟ ಟೊಮೆಟೊದ ರೋಹಾದಿಂದ ಶುರು ಮಾಡಿ. ಬೆಂಕಿ, ಕಲ್ಲು ಎರಡರ ಪಾಠವೂ ಅದರಲ್ಲೇ ಇದೆ.

2. ಮೆಣಸಿನಕಾಯಿಯ ಬಯೋಡೇಟಾ ಓದಿ.
ಖಾರ ಅಳೆಯುವ ಸ್ಕೋವಿಲ್ ಮಾಪಕದಲ್ಲಿ ಹಲಪೆನ್ಯೊ 2,500ರಿಂದ 8,000, ಸೆರಾನೊ 10,000ದಿಂದ 23,000. ಯುಕಟಾನಿನವರು ಪ್ರೀತಿಸುವ ಹಬನೇರೊ ಒಂದು ಲಕ್ಷ ದಾಟುತ್ತದೆ. ನಾಲ್ಕು ಟೊಮೆಟೊಗೆ ಎರಡು ಸೆರಾನೊ ಹಾಕಿ. ಖಾರ ಕಡಿಮೆ ಬೇಕೇ? ಒಳಗಿನ ಬಿಳಿ ಪೊರೆ ಕೆರೆದು ತೆಗೆಯಿರಿ, ಖಾರ ಮುಖ್ಯವಾಗಿ ಅಲ್ಲೇ ಇರುವುದು. ಸೆರಾನೊ ಸಿಗಲಿಲ್ಲ ಅಂತ ಪ್ಲಾನ್ ಕ್ಯಾನ್ಸಲ್ ಮಾಡಬೇಡಿ. ನಮ್ಮ ಬ್ಯಾಡಗಿಯೂ ಹಲಪೆನ್ಯೊ, ಸೆರಾನೊಗಳೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಒಂದೇ ಪ್ರಭೇದ. ಮಾಮೂಲಿ ಹಸಿಮೆಣಸಿನಕಾಯಿ ನಡೆಯುತ್ತದೆ.

3. ಎಣ್ಣೆ ಮುಟ್ಟಬೇಡಿ.
ಮೆಕ್ಸಿಕೋದವರು ಕೊಮಾಲ್ ಎಂಬ ಚಪ್ಪಟೆ ಕಾವಲಿಯಲ್ಲಿ ಎಣ್ಣೆ ಹಾಕದೆಯೇ ಸುಡುತ್ತಾರೆ. ನಿಮ್ಮ ದೋಸೆ ಕಾವಲಿ ಸಾಕು, ಆದರೆ ಕಬ್ಬಿಣದ್ದೇ ಇರಲಿ. ಹೆಚ್ಚದ ಇಡೀ ಟೊಮೆಟೊ, ತೊಟ್ಟು ತೆಗೆದ ಮೆಣಸಿನಕಾಯಿ, ಸಿಪ್ಪೆ ಸಮೇತ ಬೆಳ್ಳುಳ್ಳಿ ಎಸಳು ಇಡಿ. ಆಗಾಗ ಹೊರಳಿಸಿ. ಮೆಣಸಿನಕಾಯಿ, ಬೆಳ್ಳುಳ್ಳಿಯನ್ನು ಮೊದಲು ಇಳಿಸಿ. ಟೊಮೆಟೊ ಸಿಪ್ಪೆ ಕಪ್ಪು ಕಪ್ಪಾಗಿ ಬಿರಿದು, ರಸ ಕಾವಲಿಗೆ ತಾಗಿ ಚುರ್ ಅನ್ನುವವರೆಗೆ ಕಾಯಿರಿ. ಕರಿಕಲೆ ಕಂಡು ಗಾಬರಿಯಾಗಿ ಉರಿ ಆರಿಸುವವರೇ ಜಾಸ್ತಿ, ನೀವು ಆರಿಸಬೇಡಿ. ಆ ಸುಟ್ಟ ಸಿಪ್ಪೆಯೂ ಸಾಲ್ಸಾದೊಳಗೇ ಹೋಗಬೇಕು. ಹೊಗೆಯ ರುಚಿ ಬರುವುದೇ ಅದರಿಂದ.

4. ಅರೆಯುವ ಕ್ರಮ ತಪ್ಪಿಸಬೇಡಿ.
ಇಡೀ ಕೆಲಸದ ಗುಟ್ಟು ಇದೇ. ಒರಳಿಗೆ ಮೊದಲು ಸಿಪ್ಪೆ ಸುಲಿದ ಬೆಳ್ಳುಳ್ಳಿ ಮತ್ತು ಕಲ್ಲುಪ್ಪು. ಉಪ್ಪಿನ ಹರಳು ಮರಳಿನಂತೆ ಉಜ್ಜಿ ಬೆಳ್ಳುಳ್ಳಿಯನ್ನು ನುಣ್ಣಗೆ ಮಾಡುತ್ತದೆ. ಆಮೇಲೆ ಮೆಣಸಿನಕಾಯಿ. ಟೊಮೆಟೊ ಕೊನೆಗೆ, ಒಂದೊಂದಾಗಿ, ತರಿತರಿಯಾಗಿ. ಟೊಮೆಟೊ ಮೊದಲು ಬಿತ್ತೋ, ಬೆಳ್ಳುಳ್ಳಿ ಆ ರಸದಲ್ಲಿ ಜಾರಾಡುತ್ತದೆಯೇ ಹೊರತು ಅರೆಯುವುದಿಲ್ಲ. ಸಣ್ಣಗೆ ಹೆಚ್ಚಿದ ಹಸಿ ಈರುಳ್ಳಿಯನ್ನು ನೀರಲ್ಲಿ ತೊಳೆದು ಘಾಟು ಇಳಿಸಿ. ಕೊತ್ತಂಬರಿ ಜೊತೆ ಬಡಿಸುವ ಮುಂಚೆ ಬೆರೆಸಿ.

5. ಒಳ್ಳೆಯ ಟೂಲ್‌ಗೆ ದುಡ್ಡು ಹಾಕಿ.
ಮೋಲ್ಕಹೇತೆ ಎಂದರೆ ಮೂರು ಕಾಲಿನ ಬಸಾಲ್ಟ್ ಒರಳು. ಮೈತುಂಬ ಸಣ್ಣ ರಂಧ್ರಗಳಿದ್ದು, ಅವುಗಳ ಅಂಚು ಕಾಯಿಯನ್ನು ಹರಿಯುತ್ತದೆ. ತಂದ ದಿನವೇ ಬಳಸಬೇಡಿ. ಒಂದು ಹಿಡಿ ಹಸಿ ಅಕ್ಕಿ ಹಾಕಿ ಅರೆಯಿರಿ, ಬೂದುಬಣ್ಣದ ಪುಡಿ ಚೆಲ್ಲಿ, ಮತ್ತೆ ಅರೆಯಿರಿ. ಹಿಟ್ಟು ಬೆಳ್ಳಗೆ ಬಂದರೆ ಕಲ್ಲು ರೆಡಿ. ಎಷ್ಟು ಅರೆದರೂ ಬೂದಿ ನಿಲ್ಲದಿದ್ದರೆ ಅದು ಬಹುಶಃ ಸಿಮೆಂಟಿನ ನಕಲು, ವಾಪಸ್ ಕೊಡಿ. ಮಿಕ್ಸಿ ಮಾತ್ರ ಇದೆಯೇ? ಎರಡು ಮೂರು ಪಲ್ಸ್ ಕೊಟ್ಟು ನಿಲ್ಲಿಸಿ. ಓಡಿಸುತ್ತಲೇ ಇದ್ದರೆ ಗಾಳಿ ಸೇರಿ ಕೆಂಪು ಹೋಗಿ ಗುಲಾಬಿ ನೊರೆ ಬರುತ್ತದೆ.

6. ಒಣಮೆಣಸಿನಕಾಯಿಗೆ ಸೆಕೆಂಡುಗಳಲ್ಲಿ ಟೈಮ್ ಕೊಡಿ.
ಹಸಿಯದರ ಬದಲು ಒಣಗಿದ್ದು ಹಾಕುವುದಾದರೆ ಎಚ್ಚರ. ಚಿಲೆ ದೆ ಆರ್ಬೊಲ್ ಎಂಬ ಮೆಕ್ಸಿಕೋದ ಒಣಮೆಣಸಿನಕಾಯಿ ತೆಳು, ಬೇಗ ಸೀಯುತ್ತದೆ. ಪರಿಮಳ ಬಂತೇ, ಇಳಿಸಿ. ಕರಕಾದರೆ ಕಹಿ, ಬಿಸಾಡಿ ಹೊಸದು ಹಾಕಿ. ಕಿಟಕಿ ಮೊದಲೇ ತೆರೆದಿಡಿ.

7. ಕೈ ಕಟ್ಟಿಕೊಳ್ಳಿ.
ಜೀರಿಗೆ ಬೇಡ. ಸಕ್ಕರೆ, ಕೆಚಪ್ ಬೇಡ. ಒಗ್ಗರಣೆ ಖಂಡಿತ ಬೇಡ, ಅದು ಹಾಕಿದರೆ ಒಳ್ಳೆಯ ಟೊಮೆಟೊ ಚಟ್ನಿ ಆಗುತ್ತದೆ ಅಷ್ಟೇ. 16ನೇ ಶತಮಾನದಲ್ಲಿ ಸ್ಪ್ಯಾನಿಷ್ ಪಾದ್ರಿ ಬೆರ್ನಾರ್ದಿನೊ ದೆ ಸಾಹಗೂನ್ ದಾಖಲಿಸಿದ ಅಜ್ಟೆಕ್ ಸಂತೆಯಲ್ಲೇ ಇಂಥ ಸಾಸ್ ಮಾರುವವರಿದ್ದರು. ಮೆಣಸಿನಕಾಯಿ, ಟೊಮೆಟೊ, ಕುಂಬಳಬೀಜ ಅವರ ಬಂಡವಾಳ. ಏನಾದರೂ ಸೇರಿಸಲೇಬೇಕು ಅನ್ನಿಸಿದರೆ ಹುರಿದ ಕುಂಬಳಬೀಜ ಸೇರಿಸಿ.

8. ರೋಹಾ ಕೈಗೆ ಹತ್ತಿದ ಮೇಲೆ ವೆರ್ದೆಗೆ ಪ್ರಮೋಷನ್ ತಗೊಳ್ಳಿ.
ಇದಕ್ಕೆ ಟೊಮಾಟಿಯೊ ಎಂಬ ಬೇರೆಯೇ ಕಾಯಿ ಬೇಕು, ಮಾಗದ ಹಸಿರು ಟೊಮೆಟೊ ಅಲ್ಲ. ಕಾಗದದಂಥ ಹೊದಿಕೆ ಬಿಡಿಸಿ, ಅಂಟು ಹೋಗುವಂತೆ ತೊಳೆದು ಬೇಯಿಸಿ. ಹೊಳೆವ ಹಸಿರು ಮಂಕಾದ ಕೂಡಲೇ, ಕಾಯಿ ಒಡೆಯುವ ಮುಂಚೆ ಇಳಿಸಿ. ಪೆಕ್ಟಿನ್ ಜಾಸ್ತಿ ಇರುವುದರಿಂದ ಆರಿದ ಮೇಲೆ ಗಟ್ಟಿಯಾಗುತ್ತದೆ. ಒಂದು ಚಮಚ ನೀರು ಹಾಕಿ ಸಡಿಲಿಸಿ.

9. ಚಮಚದಲ್ಲಿ ನೆಕ್ಕಿ ತೀರ್ಪು ಕೊಡಬೇಡಿ.
ಮೆಕ್ಕೆಜೋಳದ ರೊಟ್ಟಿಯಾದ ಟೋರ್ಟಿಯಾಗೆ ಸಾಮಾನ್ಯವಾಗಿ ಉಪ್ಪು ಹಾಕುವುದಿಲ್ಲ. ಅದರ ಜೊತೆಗೇ ರುಚಿ ನೋಡಿ, ಉಪ್ಪು ಒಂದು ಚಿಟಿಕೆ ಮುಂದಿರಲಿ. ಉಳಿಯುತ್ತದೆ ಅನ್ನಿಸಿದರೆ ಈರುಳ್ಳಿ ಬೆರೆಸುವ ಮುಂಚೆಯೇ ಅಷ್ಟನ್ನು ಡಬ್ಬಿಗೆ ತೆಗೆದು ಫ್ರಿಜ್‌ನಲ್ಲಿಡಿ, ಎರಡು ದಿನದೊಳಗೆ ಮುಗಿಸಿ.