ಮೂತ್ರಕೋಶವೂ ರಕ್ತಸಂಚಾರವೂ

ಸಂಕೋಚದಿಂದ ಯಾರೂ ಬಾಯಿಬಿಡದ ವಿಷಯವೊಂದನ್ನು ಈ ಸಲ ಎತ್ತಿಕೊಂಡಿದ್ದೇವೆ, ವಾಚಕರು ಮನ್ನಿಸಬೇಕು. ನಲವತ್ತೈದು ದಾಟಿದ ಎಷ್ಟೋ ಮಂದಿ ರಾತ್ರಿ ಮೂರು ನಾಲ್ಕು ಸಲ ಜಲಬಾಧೆಗೆ ಏಳುತ್ತಾರೆ. ಕೇಳಿದರೆ, "ಏನೋ ಉಷ್ಣ, ಎಳನೀರು ಕುಡಿದರೆ ಹೋದೀತು" ಎನ್ನುತ್ತಾರೆ. ಉಷ್ಣದ ಮೇಲೆ ಹೊರಿಸಿ ಸುಮ್ಮನಿರುವುದು ಸುಲಭ. ಆದರೆ ಇದರ ಹಿಂದೆ ರಕ್ತನಾಳಗಳ ದೋಷವೂ ಇರಬಹುದು.

ಮೂತ್ರಕೋಶವೆಂಬುದು ಸ್ನಾಯುವಿನಿಂದಾದ ಚೀಲ. ತುಂಬುವಾಗ ಅದು ಸಡಿಲವಾಗಿ ಹಿಗ್ಗಬೇಕು, ಖಾಲಿ ಮಾಡುವಾಗ ಕುಗ್ಗಿ ಒತ್ತಬೇಕು. ಆರೋಗ್ಯವಂತರಲ್ಲಿ 400-500 ಮಿಲಿಲೀಟರಿನವರೆಗೆ ಒತ್ತಡ ಹೆಚ್ಚಾಗಿ ಏರದೆ ಹಿಗ್ಗುತ್ತದೆ. ಕುಗ್ಗುವುದಕ್ಕೆ ಮಾತ್ರ ಶಕ್ತಿ ಬೇಕು, ಸಡಿಲವಾಗುವುದಕ್ಕೆ ಏನೂ ಬೇಡ ಎಂದು ನಾವೂ ತಿಳಿದಿದ್ದೆವು. ಅದು ತಪ್ಪು. ಸ್ನಾಯುವಿನ ಜೀವಕಣದೊಳಗೆ ಕ್ಯಾಲ್ಸಿಯಂ ಹೆಚ್ಚಿದಾಗ ಸ್ನಾಯು ಬಿಗಿಯುತ್ತದೆ. ಅದನ್ನು ಎತ್ತಿ ಆಚೆ ಹಾಕಿದಾಗಲೇ ಸಡಿಲವಾಗುತ್ತದೆ. ಈ ಎತ್ತಿಹಾಕುವ ಕೆಲಸಕ್ಕೆ ಶಕ್ತಿ ಬೇಕು, ಶಕ್ತಿಗೆ ಆಮ್ಲಜನಕ ಬೇಕು, ಆಮ್ಲಜನಕವನ್ನು ತರುವುದು ರಕ್ತ. ಸತ್ತ ಕೆಲವು ಗಂಟೆಗಳಲ್ಲಿ ಹೆಣದ ಕೈಕಾಲು ಸೆಟೆದುಕೊಳ್ಳುವುದನ್ನು ಹೆಗಲು ಕೊಟ್ಟವರು ಕಂಡಿದ್ದಾರೆ. ಶಕ್ತಿಯ ದಾಸ್ತಾನು ಮುಗಿದು ಸ್ನಾಯು ತನ್ನ ಹಿಡಿತವನ್ನು ಬಿಡಲಾರದೆ ಹೋದುದರ ಫಲ ಅದು. ಅಮಂಗಳದ ಉದಾಹರಣೆ, ನಿಜ. ಇದಕ್ಕಿಂತ ಸ್ಪಷ್ಟವಾದುದು ನಮಗೆ ತೋಚಲಿಲ್ಲ.

ಮಹಾಧಮನಿಯು ಹೊಕ್ಕುಳಿನ ಮಟ್ಟದಲ್ಲಿ ಎರಡಾಗಿ ಒಡೆಯುತ್ತದೆ. ಮೂತ್ರಕೋಶಕ್ಕೆ ರಕ್ತ ಬರುವುದು ಆ ಕವಲುಗಳ ಕಿರುಕವಲುಗಳಿಂದ. ಬೀಡಿ, ಸಿಗರೇಟು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ರಕ್ತದಲ್ಲಿನ ಕೊಬ್ಬು ಇವೆಲ್ಲ ಹೃದಯದ ನಾಳಗಳನ್ನು ಕೆಡಿಸುವಂತೆ ಇವನ್ನೂ ಕಿರಿದಾಗಿಸುತ್ತವೆ. ಅಮೆರಿಕದ ಬಾಸ್ಟನ್ನಿನ ಸಂಶೋಧಕರು ಮೊಲಗಳಲ್ಲಿ ಈ ಧಮನಿಗಳನ್ನು ಕಿರಿದಾಗಿಸಿ ನೋಡಿ, 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ರಕ್ತ ಸಾಲದ ಮೂತ್ರಕೋಶದ ಗೋಡೆಯಲ್ಲಿ ನಾರು ಬೆಳೆದು, ಅದು ಹಿಗ್ಗುವ ಗುಣವನ್ನೇ ಕಳೆದುಕೊಂಡಿತ್ತು. ಮನುಷ್ಯರಲ್ಲಾದರೆ ಅರ್ಧ ತುಂಬುವುದರೊಳಗೇ ಅವಸರವಾಗುತ್ತದೆ. ಕೊರತೆ ಬಹಳ ಹೆಚ್ಚಿದರೆ ಮುಂದೆ ಒತ್ತುವ ಬಲವೂ ಕುಂದಿ, ಹೋಗಿ ಬಂದ ಮೇಲೂ ಸ್ವಲ್ಪ ಉಳಿದೇಬಿಡುತ್ತದೆ.

ಅವಸರಕ್ಕೆ ಹೆದರಿ ನೀರನ್ನೇ ಬಿಡುವವರಿದ್ದಾರೆ. ಗಟ್ಟಿಯಾದ ಮೂತ್ರ ಮೂತ್ರಕೋಶವನ್ನು ಇನ್ನಷ್ಟು ಕೆರಳಿಸಬಲ್ಲದು. ರೈಲಿನಲ್ಲೋ ಮೇಜಿನ ಮುಂದೋ ಕುಳಿತು ಗಂಟೆಗಟ್ಟಲೆ ತಡೆದುಕೊಳ್ಳುವುದೂ ಬೇಡ. ಅತಿಯಾಗಿ ತುಂಬಿ ಬಿಗಿದ ಗೋಡೆಯಲ್ಲಿ ರಕ್ತದ ಹರಿವು ಇಳಿಯುತ್ತದೆ. ಸ್ನಾಯುವನ್ನು ಸಡಿಲಿಸುವ ಮಿರಾಬೆಗ್ರಾನ್ ಎಂಬ ಮಾತ್ರೆಯಿದೆ. ಅದು ರಕ್ತದೊತ್ತಡವನ್ನು ಏರಿಸಬಲ್ಲದು, ಆದುದರಿಂದ ಗೆಳೆಯನ ಚೀಟಿ ತೋರಿಸಿ ಕೊಂಡುಕೊಳ್ಳುವಂಥದಲ್ಲ.

ರಾತ್ರಿ ಏಳುವುದಕ್ಕೆ ಗಂಡಸರ ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿರುವುದು, ಸಕ್ಕರೆ ಕಾಯಿಲೆ, ಸೋಂಕು ಇವೂ ಕಾರಣವಾಗಬಹುದು. ಯಾವುದೆಂದು ವೈದ್ಯರೇ ಹೇಳಬೇಕು. ಅವರಲ್ಲಿಗೆ ಹೋಗುವ ಮುಂಚೆ ಮೂರು ದಿನ, ಎಷ್ಟು ಹೊತ್ತಿಗೆ ಎಷ್ಟು ಮಿಲಿಲೀಟರು ಎಂದು ಹಳೆಯ ಅಳತೆ ಲೋಟದಲ್ಲಿ ಅಳೆದು ಬರೆದಿಡಿ. ಕುಡಿದ ನೀರು, ಚಹಾಗಳನ್ನೂ ಸೇರಿಸಿ. ಲೆಕ್ಕ ಬರೆಯುವವರಿಗೆ ನಮ್ಮಲ್ಲಿ ಬರವಿಲ್ಲ. ಮೂತ್ರದಲ್ಲಿ ರಕ್ತ ಕಂಡರೆ, ಅಥವಾ ಮೂತ್ರ ಪೂರ್ತಿ ಕಟ್ಟಿಕೊಂಡರೆ ಮಾತ್ರ ಮೂರು ದಿನ ಕಾಯಕೂಡದು, ಅಂದೇ ಆಸ್ಪತ್ರೆಗೆ ಹೋಗಬೇಕು.