ಲಸಿಕೆಯ ‘ನಂತರ’ವೋ, ಲಸಿಕೆಯ ‘ಕಾರಣ’ದಿಂದಲೋ? ಪುರಾವೆ ತೂಗುವ ಒಂದು ಪಾಠ

ತರಗತಿ: 9
ವಿಷಯ: ವಿಜ್ಞಾನ
ಪಾಠಾಂಶ: ಲಸಿಕೆ ಮತ್ತು ಅಡ್ಡಪರಿಣಾಮ
ಅವಧಿ: 40 ನಿಮಿಷ
ಬೋಧನೋಪಕರಣ: ಭುಜದ ಚಿತ್ರಪಟ, ಮೂರು ಪ್ರಕರಣ ಚೀಟಿಗಳು

ಉದ್ದೇಶ
ಒಂದು ಘಟನೆಯ ನಂತರ ನಡೆದದ್ದೆಲ್ಲ ಅದರಿಂದಲೇ ನಡೆದದ್ದೇ ಎಂಬುದನ್ನು ವಿದ್ಯಾರ್ಥಿಗಳು ಪುರಾವೆಯಿಂದ ನಿರ್ಧರಿಸುವರು. ನಮ್ಮ ದೇಶದ ವೇಳಾಪಟ್ಟಿಯಂತೆ 10 ಮತ್ತು 16ನೇ ವಯಸ್ಸಿನಲ್ಲಿ ಟಿಡಿ ಲಸಿಕೆ ಹಾಕುವುದರಿಂದ ಈ ವಿಷಯ ಮಕ್ಕಳಿಗೆ ಹತ್ತಿರದ್ದು.

ವಿಷಯ ನಿರೂಪಣೆ
ತೋಳಿಗೆ ಹಾಕುವ ಲಸಿಕೆ ಡೆಲ್ಟಾಯ್ಡ್ ಸ್ನಾಯುವಿಗೆ ಇಳಿಯಬೇಕು. ಸೂಜಿ ತೀರಾ ಮೇಲೆ ಚುಚ್ಚಿದರೆ ಭುಜದ ಕೀಲಿನ ಬಳಿಯ ದ್ರವಚೀಲ, ಸ್ನಾಯುರಜ್ಜುಗಳಲ್ಲಿ ಉರಿಯೂತವಾಗಿ ತಿಂಗಳುಗಟ್ಟಲೆ ಕೈ ಎತ್ತಲಾಗದಿರಬಹುದು. ಒಂದೆರಡು ದಿನದ ಸಾಮಾನ್ಯ ನೋವು ಇದಲ್ಲ, ಇದು ಅಪರೂಪ. ಇದರ ಇಂಗ್ಲಿಷ್ ಹೆಸರಿನ ಸಂಕ್ಷಿಪ್ತ ರೂಪ ‘ಸಿರ್ವಾ’.

ಅಮೆರಿಕದಲ್ಲಿ 1986ರ ಕಾಯ್ದೆಯಡಿ ಲಸಿಕೆ ಹಾನಿಗೆ ಪರಿಹಾರ ಯೋಜನೆಯಿದೆ. ಅರ್ಜಿದಾರರು ಯಾರ ತಪ್ಪನ್ನೂ ಸಾಬೀತುಪಡಿಸಬೇಕಿಲ್ಲ. ಲಸಿಕೆಗಳ ಮೇಲಿನ ತೆರಿಗೆಯಿಂದಲೇ ಹಣ ಬರುತ್ತದೆ. 2017ರ ಮಾರ್ಚ್‌ನಲ್ಲಿ ಸಿರ್ವಾ ಅದರ ಹಾನಿಪಟ್ಟಿಗೆ ಸೇರಿತು. ಪಟ್ಟಿಯ ನಾಲ್ಕು ಷರತ್ತುಗಳನ್ನು ಕಪ್ಪುಹಲಗೆಯ ಮೇಲೆ ಬರೆದೆ:

1. ಆ ಭುಜದಲ್ಲಿ ಮೊದಲು ನೋವು, ತೊಂದರೆ ಇರಬಾರದು.
2. ಲಸಿಕೆ ಹಾಕಿದ 48 ಗಂಟೆಯೊಳಗೆ ನೋವು ಶುರುವಾಗಿರಬೇಕು.
3. ನೋವು, ಚಲನೆಯ ಕೊರತೆ ಲಸಿಕೆ ಹಾಕಿದ ಭುಜಕ್ಕಷ್ಟೇ ಸೀಮಿತವಾಗಿರಬೇಕು.
4. ಅದಕ್ಕೆ ಬೇರೆ ಕಾರಣ ಕಾಣಬಾರದು.

ಜೊತೆಗೆ, ಸಾಮಾನ್ಯವಾಗಿ ತೊಂದರೆ 6 ತಿಂಗಳಿಗಿಂತ ಹೆಚ್ಚು ಉಳಿದಿರಬೇಕು. ಮೊದಲ ಲಕ್ಷಣದಿಂದ 3 ವರ್ಷದೊಳಗೆ ಅರ್ಜಿ ಹಾಕಬೇಕು.

ಚಟುವಟಿಕೆ
ಮೂರು ಗುಂಪುಗಳಿಗೆ ನಾನೇ ಕಲ್ಪಿಸಿದ ಒಂದೊಂದು ಚೀಟಿ ಕೊಟ್ಟೆ. ಮೊದಲನೆಯವರಿಗೆ ಮರುದಿನವೇ ನೋವು, 8 ತಿಂಗಳಾದರೂ ಕೈ ಏಳದು. ಎರಡನೆಯವರಿಗೆ ಹತ್ತನೇ ದಿನ ನೋವು. ಮೂರನೆಯವರಿಗೆ ಕಬಡ್ಡಿಯಲ್ಲಿ ಅದೇ ಭುಜ ಮೊದಲೇ ಪೆಟ್ಟಾಗಿತ್ತು. ಗುಂಪುಗಳು ಮೊದಲನೆಯದನ್ನು ಒಪ್ಪಿ, ಉಳಿದೆರಡನ್ನು ತಳ್ಳಿಹಾಕಿದವು.

ಆಗ ಒಬ್ಬ ಹುಡುಗ, “ಮಿಸ್, ಹತ್ತು ದಿನ ಆದ್ಮೇಲೆ ನೋವು ಬಂದೋರು ಸುಳ್ಳು ಹೇಳ್ತಿದ್ದಾರಾ?” ಎಂದ. ಪಾಠದ ತಿರುಳು ಇಲ್ಲಿದೆ. ಷರತ್ತು ಪೂರೈಸಿದರೆ ಲಸಿಕೆಯೇ ಕಾರಣವೆಂದು ಕಾನೂನು ಊಹಿಸುತ್ತದೆ. ಸರ್ಕಾರ ಬೇರೆ ಕಾರಣ ತೋರಿಸಿದರೆ ಮಾತ್ರ ಆ ಊಹೆ ಬೀಳುತ್ತದೆ. ಪೂರೈಸದಿದ್ದರೆ ಬಾಗಿಲು ಮುಚ್ಚುವುದಿಲ್ಲ, ಆದರೆ ವೈದ್ಯಕೀಯ ಪುರಾವೆಯಿಂದ ಕಾರಣವನ್ನು ಸಾಬೀತುಪಡಿಸುವ ಹೊಣೆ ಅರ್ಜಿದಾರರದು. ನೋವು ನಿಜವಿರಬಹುದು, ಅದರ ಕಾರಣ ಬೇರೆಯೇ ಪ್ರಶ್ನೆ.

ಒಬ್ಬಳು, “ಹಂಗಾದ್ರೆ ಇಂಜೆಕ್ಷನ್ನೇ ಬೇಡ ಅಲ್ವಾ ಮಿಸ್?” ಎಂದಳು. ಭುಜದ ತುದಿಯ ಎಲುಬನ್ನು ಮುಟ್ಟಿ, ಅದರಿಂದ ಎರಡು ಮೂರು ಬೆರಳು ಕೆಳಗಿನ ಜಾಗ ಗುರುತಿಸಲು ಎಲ್ಲರಿಗೂ ಹೇಳಿದೆ. ಎಡವಟ್ಟು ಚುಚ್ಚಿದ ಜಾಗದ್ದು; ಸರಿಯಾದ ಜಾಗಕ್ಕೆ ಚುಚ್ಚಿದರೆ ಅದನ್ನು ತಪ್ಪಿಸಬಹುದು. ಲಸಿಕೆ ಹಾಕಿಸುವಾಗ ಅಂಗಿಯ ತೋಳನ್ನು ಪೂರ್ತಿ ಮೇಲೇರಿಸಿ ಭುಜ ಕಾಣುವಂತೆ ಕೂರುವುದು ಮಕ್ಕಳೇ ಮಾಡಬಹುದಾದ ಕೆಲಸ.

ಮೌಲ್ಯಮಾಪನ
“ಮಳೆಯಲ್ಲಿ ನೆನೆದ ಮರುದಿನ ಜ್ವರ ಬಂತು. ಮಳೆಯೇ ಕಾರಣ ಎನ್ನಲು ಏನೇನು ತಿಳಿಯಬೇಕು?” ಹೆಚ್ಚಿನವರು “ಮೊದಲೇ ಜ್ವರವಿತ್ತೇ?”, “ಮನೆಯಲ್ಲಿ ಬೇರೆಯವರಿಗೂ ಇದೆಯೇ?” ಎಂದು ಬರೆದರು.

ಸಹಪ್ರಶಿಕ್ಷಣಾರ್ಥಿಗಳಿಗೆ
ಲಸಿಕೆಯ ಪಾಠದಲ್ಲಿ ಹಾನಿಯ ಮಾತೆತ್ತಿದರೆ ಮಕ್ಕಳು ಹೆದರುತ್ತಾರೆಂದು ಬಿಟ್ಟುಬಿಡುವುದುಂಟು. ನಾವು ಬಿಟ್ಟರೂ ಅದು ಬೇರೆಲ್ಲಿಂದಲೋ, ಪುರಾವೆಯಿಲ್ಲದೆ, ಅವರ ಕಿವಿಗೆ ಬೀಳುತ್ತದೆ. ಹಾನಿ ಎಷ್ಟು ಅಪರೂಪ, ಏಕೆ ಆಗುತ್ತದೆ, ಆದವರಿಗೆ ಏನು ಸಲ್ಲಬೇಕು ಎಂಬ ಮೂರನ್ನೂ ಒಟ್ಟಿಗೆ ಹೇಳಿದರೆ ಮಕ್ಕಳು ಹೆದರುವ ಬದಲು ಪ್ರಶ್ನೆ ಕೇಳುತ್ತಾರೆ. ಚಟುವಟಿಕೆಗೆ ಕನಿಷ್ಠ 20 ನಿಮಿಷ ಮೀಸಲಿಡಿ.