ಪಟ್ಟಣದ ಹೊಸ ಸಭೆಯೂ ಸೇವಕನ ಮನೆಯೂ

ಪಾಠಭಾಗ: ಅಪೊಸ್ತಲರ ಕೃತ್ಯಗಳು, 18ನೆಯ ಅಧ್ಯಾಯ

ನಮ್ಮ ಹಳ್ಳಿಯ ಸಭೆಗಳಿಂದ ಅನೇಕ ಕುಟುಂಬಗಳು ಕೆಲಸವನ್ನು ಹುಡುಕಿಕೊಂಡು ಪಟ್ಟಣಗಳಿಗೆ ಹೋಗಿ ನೆಲೆಸಿರುತ್ತವೆ. ಅಲ್ಲಿ ನಾಲ್ಕೈದು ಮನೆಯವರು ಕೂಡಿ ಒಬ್ಬರ ಬಾಡಿಗೆಯ ಮನೆಯಲ್ಲಿ ಪ್ರಾರ್ಥನೆಯನ್ನು ಆರಂಭಿಸುತ್ತಾರೆ. ಕೆಲವು ಕಾಲದ ಮೇಲೆ ಅದೇ ಹೊಸ ಸಭೆಯಾಗುತ್ತದೆ. ಇಂಥ ಸಭೆಯ ವರ್ತಮಾನವನ್ನು ಕೇಳುವಾಗ, ಎಷ್ಟು ಜನ ಕೂಡಿದರು, ಎಷ್ಟು ಮಂದಿ ದೀಕ್ಷಾಸ್ನಾನ ಹೊಂದಿದರು ಎಂದು ವಿಚಾರಿಸುತ್ತೇವೆ. ಆದರೆ ಆ ಮನೆಯ ತಾಯಿಯು ಹೇಗಿದ್ದಾಳೆ, ಮಕ್ಕಳು ಎಲ್ಲಿ ಕೂತು ಓದುತ್ತಾರೆ ಎಂದು ವಿಚಾರಿಸುವವರು ಕಡಿಮೆ. ಮನೆಯನ್ನು ಕೆಡವಿದ ಕಲ್ಲುಗಳಿಂದ ಸಭೆಯನ್ನು ಕಟ್ಟಲಾಗದು ಎಂಬದೇ ಈ ಪಾಠದ ತಾತ್ಪರ್ಯ.

1. ಕೊರಿಂಥದ ಮನೆ

ಕೊರಿಂಥ ಪಟ್ಟಣವನ್ನು ರೋಮಾಯರು ಕ್ರಿ.ಪೂ. 146ರಲ್ಲಿ ಹಾಳುಮಾಡಿದರು. ಕ್ರಿ.ಪೂ. 44ರಲ್ಲಿ ಯೂಲಿಯ ಕೈಸರನು ಅದನ್ನು ತಿರಿಗಿ ಸ್ಥಾಪಿಸಿದನು. ಎರಡು ಕಡೆಯ ಸಮುದ್ರಕ್ಕೂ ರೇವುಗಳುಳ್ಳ ಆ ಪಟ್ಟಣಕ್ಕೆ ನಾನಾ ದೇಶದವರು ವ್ಯಾಪಾರಕ್ಕಾಗಿ ಬರುತ್ತಿದ್ದರು. ಕ್ಲೌದ್ಯ ಚಕ್ರವರ್ತಿಯು ಸುಮಾರು ಕ್ರಿ.ಶ. 49ರಲ್ಲಿ ಯೆಹೂದ್ಯರನ್ನು ರೋಮಾಪುರದಿಂದ ಹೊರಡಿಸಿದಾಗ ಅಕ್ವಿಲನೂ ಅವನ ಹೆಂಡತಿಯಾದ ಪ್ರಿಸ್ಕಿಲ್ಲಳೂ ನೆಲೆ ತಪ್ಪಿ ಇಲ್ಲಿಗೇ ಬಂದರು. ಪೌಲನು ಬಂದಾಗ ಇವರ ಮನೆಯಲ್ಲಿ ಇಳುಕೊಂಡನು. ಆಗ ಅಖಾಯದ ಅಧಿಪತಿಯಾಗಿದ್ದ ಗಲ್ಲಿಯೋನನ ಹೆಸರುಳ್ಳ ಶಾಸನವು ಡೆಲ್ಫಿ ಎಂಬ ಊರಿನಲ್ಲಿ ದೊರೆತಿರುವದರಿಂದ ಇದು ಸುಮಾರು ಕ್ರಿ.ಶ. 50–52ರ ಸಂಗತಿ ಎಂದು ತಿಳಿದುಬರುತ್ತದೆ.

ಈ ಮನೆಯಲ್ಲಿ ಮೂರು ವಿಷಯಗಳನ್ನು ಗಮನಿಸತಕ್ಕದ್ದು. ಮೊದಲನೆಯದು, ಅವರಿಗೆ ಗುಡಾರ ಮಾಡುವ ಕಸುಬಿತ್ತು. ಪೌಲನಿಗೂ ಅದೇ ಕಸುಬು. ಅತಿಥಿಯು ಮನೆಗೆ ಭಾರವಾಗದೆ ಅವರ ಸಂಗಡ ದುಡಿದನು. ಎರಡನೆಯದು, ಬೋಧನೆಯ ಕೂಟವು ಸಭಾಮಂದಿರವನ್ನು ಬಿಟ್ಟ ಮೇಲೆ ಯುಸ್ತನ ಮನೆಯಲ್ಲಿ ನಡೆಯಿತು. ಸ್ತೆಫನನ ಮನೆಯವರು ಪರಿಶುದ್ಧರ ಸೇವೆಯನ್ನು ವಹಿಸಿಕೊಂಡರು. ಹೀಗೆ ಭಾರವೆಲ್ಲ ಒಂದೇ ಹೊಸ್ತಿಲ ಮೇಲೆ ಬೀಳಲಿಲ್ಲ. ಮೂರನೆಯದು, ಹೊಸ ಒಡಂಬಡಿಕೆಯಲ್ಲಿ ಈ ದಂಪತಿಗಳ ಹೆಸರು ಆರು ಸಾರಿ ಬರುತ್ತದೆ. ಆರು ಸಾರಿಯೂ ಇಬ್ಬರ ಹೆಸರು ಒಟ್ಟಿಗೇ ಬರುತ್ತದೆ. ಎಫೆಸದಲ್ಲಿ ಅಪೊಲ್ಲೋಸನಿಗೆ ದೇವರ ಮಾರ್ಗವನ್ನು ಇನ್ನೂ ಚೆನ್ನಾಗಿ ತಿಳಿಸಿದವರು ಇಬ್ಬರೂ. ಅಲ್ಲಿಯೂ ಆಮೇಲೆ ರೋಮಾಪುರದಲ್ಲಿಯೂ ಅವರ ಮನೆಯಲ್ಲಿ ಸಭೆಯು ಕೂಡಿತು. ಗಂಡನು ಸೇವಕನು, ಹೆಂಡತಿಯು ಅಡಿಗೆಯವಳು ಎಂಬ ಭೇದವು ಆ ಮನೆಯಲ್ಲಿ ಕಾಣುವದಿಲ್ಲ.

2. ಬಂಗಾಳದ ಮನೆ

ನಮ್ಮ ದೇಶದಲ್ಲಿಯೇ ನಡೆದ ಇನ್ನೊಂದು ಸಂಗತಿಯನ್ನು ನೋಡೋಣ. ವಿಲ್ಯಮ್ ಕೇರಿಯವರು 1793ರ ನವಂಬರಿನಲ್ಲಿ ಕಲ್ಕತ್ತೆಗೆ ಬಂದರು. ಅವರ ಪತ್ನಿ ಡೊರೊಥಿಯವರು ಮೊದಲು ಈ ಪ್ರಯಾಣಕ್ಕೆ ಒಪ್ಪಿರಲಿಲ್ಲ. ತಂಗಿಯನ್ನು ಜೊತೆಗೆ ಕರಕೊಂಡು ಹೋಗುವದಾದರೆ ಬರುವೆನೆಂದು ಕೊನೆಗೆ ಹೊರಟರು. ಕೈಕೂಸು ಸೇರಿ ನಾಲ್ವರು ಗಂಡುಮಕ್ಕಳಿದ್ದರು. ಕೈಯಲ್ಲಿದ್ದ ಹಣವು ಬೇಗನೆ ತೀರಿತು; ರೋಗ ಹಿಡಿಯಿತು; ಒಂದೇ ವರುಷದೊಳಗೆ ಮನೆಯನ್ನು ಹಲವು ಸಾರಿ ಬದಲಾಯಿಸಬೇಕಾಯಿತು. 1794ರಲ್ಲಿ ಐದು ವರುಷದ ಮಗ ಪೀಟರನು ತೀರಿಹೋದನು. ಡೊರೊಥಿಯವರ ಮನಸ್ಸು ಅಸ್ವಸ್ಥವಾಗಿ, 1807ರಲ್ಲಿ ಮರಣ ಹೊಂದುವ ವರೆಗೂ ಗುಣವಾಗಲಿಲ್ಲ. ಕೇರಿಯವರು ಮಾಡಿದ ಭಾಷಾಂತರಗಳನ್ನು ಸ್ಮರಿಸುವವರು ಈ ತಾಯಿಯ ಕಣ್ಣೀರನ್ನೂ ಸ್ಮರಿಸುವದು ನ್ಯಾಯ.

1800ರ ಜನವರಿಯಲ್ಲಿ ಕೇರಿಯವರ ಕುಟುಂಬವು ಕಲ್ಕತ್ತೆಯ ಸಮೀಪದ ಸೆರಾಂಪುರಕ್ಕೆ ಬಂದು ಮಾರ್ಷ್‌ಮನ್ ದಂಪತಿಗಳನ್ನೂ ವಾರ್ಡರನ್ನೂ ಕೂಡಿಕೊಂಡಿತು. ಅಲ್ಲಿ ಎಲ್ಲರಿಗೂ ಒಂದೇ ಊಟದ ಮೇಜು, ಒಂದೇ ಹಣದ ಚೀಲ. ವಾರಕ್ಕೊಮ್ಮೆ, ಶನಿವಾರ ಸಾಯಂಕಾಲ, ಒಬ್ಬರ ಮೇಲೊಬ್ಬರಿಗಿದ್ದ ಮನಸ್ತಾಪಗಳನ್ನು ತೀರಿಸಿಕೊಳ್ಳುವದಕ್ಕೆ ಕೂಡುತ್ತಿದ್ದರು. ಹ್ಯಾನಾ ಮಾರ್ಷ್‌ಮನ್ ಅಮ್ಮನವರು ಅಂಕೆಯಿಲ್ಲದೆ ಬೆಳೆಯುತ್ತಿದ್ದ ಕೇರಿಯವರ ಹುಡುಗರನ್ನು ತಾಯಿಯಂತೆ ನೋಡಿಕೊಂಡರು; ವಾರ್ಡರು ಹಿರಿಯ ಮಗ ಫೀಲಿಕ್ಸನಿಗೆ ಮಿತ್ರರಾದರು. ಅದೇ ವರುಷದ ಡಿಸೆಂಬರಿನಲ್ಲಿ ಬಡಗಿಯಾದ ಕೃಷ್ಣಪಾಲನು ಹೂಗ್ಲಿ ನದಿಯಲ್ಲಿ ದೀಕ್ಷಾಸ್ನಾನ ಹೊಂದಿದಾಗ ಫೀಲಿಕ್ಸನೂ ಅವನೊಂದಿಗೆ ದೀಕ್ಷಾಸ್ನಾನ ಹೊಂದಿದನು. ಒಂಟಿ ಮನೆಯು ಸೋತಲ್ಲಿ ಕೂಡಿದ ಮನೆಗಳು ಮಕ್ಕಳನ್ನು ಉಳಿಸಿದವು.

3. ನಾವು ಕಲಿಯತಕ್ಕದ್ದು

ತಂದೆತಾಯಿಗಳನ್ನೂ ಮಕ್ಕಳನ್ನೂ ತನಗಿಂತ ಹೆಚ್ಚಾಗಿ ಪ್ರೀತಿಸುವವನು ತನಗೆ ಯೋಗ್ಯನಲ್ಲವೆಂದು ಕರ್ತನು ಹೇಳಿಲ್ಲವೋ ಎಂದು ಕೆಲವರು ಕೇಳುತ್ತಾರೆ. ಹೇಳಿರುವದು ನಿಜ. ಆದರೆ ಅದು ಮನೆಯವರನ್ನು ಅಲಕ್ಷ್ಯಮಾಡುವದಕ್ಕೆ ಕೊಟ್ಟ ಅಪ್ಪಣೆಯಲ್ಲ. ತನ್ನ ಮನೆಯನ್ನು ನಡಿಸಲರಿಯದವನು ದೇವರ ಸಭೆಯನ್ನು ಹೇಗೆ ಪರಾಮರಿಸುವನೆಂದು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯು ಕೇಳುತ್ತದೆ. ಆದದರಿಂದ ಪಟ್ಟಣದಲ್ಲಿ ಸೇವೆಯನ್ನು ಆರಂಭಿಸುವವರು ಈ ಕ್ರಮಗಳನ್ನು ಕೈಕೊಳ್ಳುವದು ಒಳ್ಳೇದು.

ದಂಪತಿಗಳಿಬ್ಬರೂ ಒಪ್ಪದೆ ಹೊರಡಬಾರದು. ವಾರಕ್ಕೆ ಒಂದು ಸಾಯಂಕಾಲವಾದರೂ ಬಾಗಿಲನ್ನು ಮುಚ್ಚಿ ಮಕ್ಕಳ ಸಂಗಡ ಉಂಡು ಮಾತಾಡಬೇಕು. ಅವರ ಪುಸ್ತಕ, ಹಾಸಿಗೆಗಳಿಗೆ ಒಂದು ಮೂಲೆಯನ್ನು ಬಿಟ್ಟುಕೊಡಬೇಕು. ಕೂಟವು ಸರದಿಯ ಪ್ರಕಾರ ಬೇರೆ ಮನೆಗಳಲ್ಲಿಯೂ ನಡೆಯಲಿ. ಊಟವಿರುವ ದಿನ ಪ್ರತಿಯೊಬ್ಬರೂ ತಮ್ಮ ಪಾತ್ರೆಯನ್ನು ತರಲಿ. ಕಾಣಿಕೆಯ ಹಣವನ್ನು ಮನೆಯ ಹಣದೊಂದಿಗೆ ಬೆರಸದೆ, ಇಬ್ಬರು ಬೇರೆ ಸಹೋದರರ ಕೈಯಲ್ಲಿ ಲೆಕ್ಕವಿಡಲಿ.

ಹಳ್ಳಿಯ ಸಭೆಯವರೇ, ನಿಮಗೂ ಇದರಲ್ಲಿ ಪಾಲುಂಟು. ನಿಮ್ಮಿಂದ ಹೋದ ಕುಟುಂಬಕ್ಕೆ ಪ್ರಾರ್ಥನೆಯ ಜೊತೆಗೆ ಒಂದು ಚೀಲ ರಾಗಿಯನ್ನೂ ಕಳುಹಿಸಿರಿ. ಬಾಣಂತನದ ಕಾಲದಲ್ಲಿ ಅನುಭವಸ್ಥಳಾದ ಒಬ್ಬ ತಾಯಿಯನ್ನು ಕಳುಹಿಸಿರಿ. ಅವರು ಊರಿಗೆ ಬಂದಾಗ ಸಭೆಯ ಲೆಕ್ಕವನ್ನು ಕೇಳುವ ಮೊದಲು, “ಅಮ್ಮಾ, ನೀನು ಹೇಗಿದ್ದೀ?” ಎಂದು ಕೇಳಿರಿ. ಆ ಒಂದು ಮಾತು ಬಳಲಿದ ಕೈಗಳಿಗೆ ಬಲವನ್ನು ಕೊಡುವದು.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು:
1. ಕೊರಿಂಥದಲ್ಲಿ ಸೇವೆಯ ಭಾರವನ್ನು ಯಾವ ಯಾವ ಮನೆಯವರು ಹಂಚಿಕೊಂಡರು?
2. ಸೆರಾಂಪುರದವರ ಶನಿವಾರದ ಕ್ರಮದಿಂದ ನಮ್ಮ ಮನೆಗಳು ಏನು ಕಲಿಯಬಹುದು?
3. ನಮ್ಮ ಸಭೆಯಿಂದ ಪಟ್ಟಣಕ್ಕೆ ಹೋದ ಯಾವ ಕುಟುಂಬಕ್ಕೆ ಈ ತಿಂಗಳು ನಾವು ನೆರವಾಗಬೇಕು?